ಕಾರಿನ ವೈರಿಂಗ್ ಆಯ್ಕೆಗಳು: ಎರಡನೇ ಮಳೆಗಾಲಕ್ಕೂ ಉಳಿಯುವುದು ಯಾವುದು?

ಹಾಸನ ಜಿಲ್ಲೆ ಒಂದೇ, ಹವೆ ಎರಡು. ಅರಸೀಕೆರೆ ಕಡೆ ತೆಂಗಿನ ತೋಟದ ಬದಿ ನಿಲ್ಲುವ ಕಾರಿಗೆ ಧೂಳು, ಬಿಸಿಲಿನ ಕಾಟ. ಸಕಲೇಶಪುರದ ಕಾಫಿ ತೋಟದ ಜೀಪಿಗೆ ಜೂನ್ ಹಿಡಿಯಿತೆಂದರೆ ಸೆಪ್ಟೆಂಬರ್‌ವರೆಗೆ ಒಣಗಲು ಪುರುಸೊತ್ತಿಲ್ಲ. ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಡೂರಿಗೂ ಕೊಪ್ಪ, ಶೃಂಗೇರಿಗೂ ಇದೇ ಅಂತರ. ಫಾಗ್ ಲ್ಯಾಂಪ್, ಜೋಡಿ ಹಾರ್ನ್, ಡ್ಯಾಶ್‌ಕ್ಯಾಮ್, ಏನೇ ಹಾಕಿಸಿ, ಹಾಕಿಸಿದ ದಿನ ಎಂಥ ವೈರಿಂಗ್ ಆದರೂ ಕೆಲಸ ಮಾಡುತ್ತದೆ. ಎರಡನೇ ಮಳೆಗಾಲದಲ್ಲಿ, ಚಾರ್ಮಾಡಿಯ ಮಂಜಿನೊಳಗೆ ಸ್ವಿಚ್ ಒತ್ತಿದಾಗ ಹತ್ತುತ್ತದೋ ಇಲ್ಲವೋ ಎಂಬುದರ ಮೇಲೆ ಆಯ್ಕೆ ನಡೆಯಬೇಕು.

ವೈರು ನಡುವೆ ಕೆಡುವುದು ಅಪರೂಪ. ಇಲಿ ಕಡಿದರೆ ಬೇರೆ ಮಾತು. ಕೆಡುವುದೆಲ್ಲ ತುದಿಗಳಲ್ಲಿ: ಜಾಯಿಂಟ್, ಲಗ್ (ವೈರಿನ ತುದಿಗೆ ಕೂರಿಸುವ ಲೋಹದ ತುಂಡು), ಬಾಡಿ ಅರ್ತ್ (ಕರೆಂಟ್ ವಾಪಸಾಗಲು ಗಾಡಿಯ ಲೋಹದ ಮೈಗೆ ಕೊಡುವ ಸಂಪರ್ಕ), ಫ್ಯೂಸ್ ಹೋಲ್ಡರ್. ಹಾಗಿದ್ದೂ ಹೆಚ್ಚಿನವರು ಲ್ಯಾಂಪಿಗೆ ಸಾವಿರಗಟ್ಟಲೆ ಕೊಟ್ಟು, ತುದಿಗೆ ಬಂದಾಗ ಒಂದು ಸುತ್ತು ಕರಿ ಟೇಪಿನಲ್ಲಿ ಮುಗಿಸುತ್ತಾರೆ. ಮುಂದಿನ ಹೋಲಿಕೆಯಲ್ಲಿ ತುದಿಗಳಿಗೇ ಹೆಚ್ಚು ಜಾಗ ಕೊಟ್ಟಿರುವುದು ಆ ಕಾರಣಕ್ಕೆ.

ಮೊದಲು ಗಾಡಿ ಯಾವ ಕಾಲದ್ದು ನೋಡಿ

ತೋಟಗಳಲ್ಲಿ ಇನ್ನೂ ದುಡಿಯುತ್ತಿರುವ ಎಂಎಂ 540 ಜೀಪು, ಕಾರ್ಬುರೇಟರ್ ಕಾಲದ ಮಾರುತಿ 800, ಓಮ್ನಿ, ಇವುಗಳ ವೈರಿಂಗ್ ನೇರ. ಬ್ಯಾಟರಿಯಿಂದ ಫ್ಯೂಸು, ಫ್ಯೂಸಿನಿಂದ ಸ್ವಿಚ್ಚು, ಸ್ವಿಚ್ಚಿನಿಂದ ಬಲ್ಬು. ಇಂಥ ಗಾಡಿಯಲ್ಲಿ ಮೂಲ ವೈರನ್ನು ಕತ್ತರಿಸಿ ಜೋಡಿಸಿದರೂ ಜಾಯಿಂಟ್ ಗಟ್ಟಿಯಾಗಿದ್ದರೆ ಸಾಕು.

ಈಗಿನ ಕಾರುಗಳಲ್ಲಿ ದೀಪಗಳನ್ನು ಉರಿಸುವುದು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಪೆಟ್ಟಿಗೆ. ಎಷ್ಟು ಕರೆಂಟ್ ಹೋಗುತ್ತಿದೆ ಎಂದು ಅದು ಅಳೆಯುತ್ತದೆ. ಕೆಲವು ಮಾದರಿಗಳಲ್ಲಿ ದೀಪಕ್ಕೆ ಸತತ ಕರೆಂಟ್ ಕೊಡದೆ ಸೆಕೆಂಡಿಗೆ ನೂರಾರು ಬಾರಿ ಬಿಟ್ಟು ಬಿಟ್ಟು ಕೊಡುತ್ತದೆ. ಆ ವೈರಿನಿಂದ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್) ಕಾಯಿಲಿಗೆ ಕರೆಂಟ್ ಕದ್ದರೆ ರಿಲೇ ಗುಂಯ್‌ಗುಡುತ್ತದೆ, ಇಲ್ಲವೇ ಡ್ಯಾಶ್‌ಬೋರ್ಡ್ ಮೀಟರಿನಲ್ಲಿ ಬಲ್ಬ್ ಕೆಟ್ಟಿದೆ ಎಂಬ ಎಚ್ಚರಿಕೆ ಬರುತ್ತದೆ. ಬಲ್ಬ್ ಇರುವ ಹಳೆಯ ಟೆಸ್ಟ್ ಲ್ಯಾಂಪನ್ನು ಇಂಥ ಕಾರಿನ ಕಂಪ್ಯೂಟರ್ ವೈರಿಗೆ ಚುಚ್ಚಬಾರದು. ಅದು ಎಳೆಯುವ ಕರೆಂಟೇ ಒಳಗಿನ ಸರ್ಕ್ಯೂಟನ್ನು ಸುಡಲು ಸಾಕಾಗಬಹುದು, ಮಲ್ಟಿಮೀಟರ್ ಬಳಸಿ.

ಹೊಸ ಕಾರಿನ ದೀಪಗಳಿಗೆ ಎರಡೇ ಸರಿದಾರಿ. ಮೂಲ ಕಪ್ಲರಿಗೆ (ಬಿಚ್ಚಿ ಜೋಡಿಸುವ ಪ್ಲಗ್) ಕಪ್ಲರ್ ಕೂರುವ ರೆಡಿಮೇಡ್ ಹಾರ್ನೆಸ್, ಅಂದರೆ ಸಿದ್ಧ ವೈರಿನ ಕಟ್ಟು, ಒಂದು. ಬ್ಯಾಟರಿಯಿಂದ ಸ್ವಂತ ಫ್ಯೂಸ್, ಸ್ವಂತ ಸ್ವಿಚ್ ಇಟ್ಟು ಪೂರ್ತಿ ಬೇರೆಯಾದ ಸರ್ಕ್ಯೂಟ್ ಇನ್ನೊಂದು. ವಾರಂಟಿ ಇದ್ದಾಗ ಮೂಲ ವೈರಿಗೆ ಬ್ಲೇಡ್ ತಾಗಿಸಿದರೆ ಎಲೆಕ್ಟ್ರಿಕಲ್ ದೂರುಗಳನ್ನು ಕಂಪನಿ ತಳ್ಳಿಹಾಕಲು ದಾರಿ ಸಿಕ್ಕಂತೆ. ಹಳದಿ ಕಪ್ಲರ್, ಹಳದಿ ಹೊದಿಕೆಯ ವೈರ್ ಕಂಡರೆ ಅದು ಏರ್‌ಬ್ಯಾಗಿನದು. ಅದರ ತಂಟೆಗೆ ಮಲ್ಟಿಮೀಟರ್ ಹಿಡಿದೂ ಹೋಗಬೇಡಿ.

ವೈರ್: ಮನೆಯದೋ, ಗಾಡಿಯದೋ?

ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಮನೆ ವೈರಿಂಗಿನ ವೈರ್. ತಾಮ್ರ ಚೆನ್ನಾಗಿಯೇ ಇರುತ್ತದೆ. ತಕರಾರು ಎರಡು. ಮಾಮೂಲಿ ಮನೆ ವೈರಿನ ಪಿವಿಸಿ ಹೊದಿಕೆ 70 ಡಿಗ್ರಿ ಸೆಲ್ಸಿಯಸ್‌ಗೆ ಮಾಡಿದ್ದು. ಬಾನೆಟ್ಟಿನೊಳಗೆ ರೇಡಿಯೇಟರ್, ಸೈಲೆನ್ಸರ್ ಪಕ್ಕದಲ್ಲಿ ಅದು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಎರಡನೆಯದು ಎಳೆಗಳು. 1.5 ಚದರ ಮಿ.ಮೀ. ಮನೆ ವೈರಿನಲ್ಲಿ 0.3 ಮಿ.ಮೀ. ದಪ್ಪದ 22 ಎಳೆ. ಅದೇ ಗಾತ್ರದ ಗಾಡಿ ವೈರಿನಲ್ಲಿ 0.25 ಮಿ.ಮೀ.ನ 30 ಎಳೆ. ಎಳೆ ಸಣ್ಣಗಿದ್ದಷ್ಟೂ ಕುಲುಕಾಟ, ಬಾಗಾಟ ಹೆಚ್ಚು ತಡೆಯುತ್ತದೆ. ಹಿಂಬಾಗಿಲಿನ ಕೀಲಿನಂಥ ಕಡೆ, ದಿನಕ್ಕೆ ಹತ್ತು ಸಲ ಮಡಚಿಕೊಳ್ಳುವಲ್ಲಿ, ದಪ್ಪ ಎಳೆಯ ವೈರ್ ಹೊದಿಕೆಯೊಳಗೇ ತುಂಡಾಗುತ್ತದೆ. ಹೊರಗಿಂದ ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತದೆ.

ಗಾಡಿಗೆಂದೇ ಮಾಡಿದ ತೆಳು ಹೊದಿಕೆಯ ವೈರ್, ಉದಾಹರಣೆಗೆ ಎಫ್‌ಎಲ್‌ಆರ್‌ವೈ ಎಂದು ಅಚ್ಚಾಗಿರುವುದು, 105 ಡಿಗ್ರಿ ತಡೆಯುತ್ತದೆ. ಕ್ಯಾಬಿನ್ ಒಳಗೆ ಡ್ಯಾಶ್‌ಬೋರ್ಡ್ ಕೆಳಗೆ ಮನೆ ವೈರ್ ಹಾಕಿದರೆ ನಮ್ಮ ತಕರಾರಿಲ್ಲ. ಬಾನೆಟ್ಟಿನೊಳಗೆ, ಬಾಗಿಲ ಕೀಲಿನಲ್ಲಿ, ಚಾಸಿಸ್ ಕೆಳಗೆ ಮಾತ್ರ ಬೇಡ.

ಮೂರನೆಯದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಸಿಸಿಎ ಎಂದು ಕರೆಯುತ್ತಾರೆ, ಪ್ಯಾಕೆಟ್ಟಿನ ಮೇಲೆ ಬರೆಯುವುದು ಕಮ್ಮಿ. ಅಗ್ಗದ ಆಂಪ್ಲಿಫೈಯರ್ ಕಿಟ್, ಅಗ್ಗದ ರೆಡಿಮೇಡ್ ಹಾರ್ನೆಸ್ಸಿನಲ್ಲಿ ಬರುವುದು ಬಹುಪಾಲು ಇದೇ. ಕರೆಂಟಿಗೆ ಒಡ್ಡುವ ತಡೆ ಅದೇ ಗಾತ್ರದ ತಾಮ್ರದ ಸುಮಾರು 1.6 ಪಟ್ಟು. ಅದಕ್ಕಿಂತ ಕೆಟ್ಟದ್ದೆಂದರೆ, ಕತ್ತರಿಸಿದ ತುದಿಯಲ್ಲಿ ನೀರು ಸೇರಿದರೆ ತಾಮ್ರ-ಅಲ್ಯೂಮಿನಿಯಂ ನಡುವಿನ ಕ್ರಿಯೆಯಿಂದ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಪತ್ತೆ ಸುಲಭ: ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ, ಬೆಳ್ಳಗೆ ಕಂಡರೆ ಸಿಸಿಎ ಅಥವಾ ಬರೀ ತವರದ ಲೇಪ. ಅನುಮಾನ ಉಳಿದರೆ ಲೈಟರ್ ಜ್ವಾಲೆಗೆ ಹಿಡಿಯಿರಿ. ತಾಮ್ರದ ಎಳೆ ಕೆಂಪಾಗಿ ನಿಲ್ಲುತ್ತದೆ, ಅಲ್ಯೂಮಿನಿಯಂ ಕರಗಿ ಮುದುಡುತ್ತದೆ. ಮಲೆನಾಡಿನ ಗಾಡಿಗೆ ಸಿಸಿಎ ಯಾವ ಬೆಲೆಗೂ ಬೇಡ.

ಗಾತ್ರದ ಲೆಕ್ಕ ಸುಡುವುದಕ್ಕೆ ಮಾತ್ರವಲ್ಲ, ವೋಲ್ಟೇಜ್ ಇಳಿಯುವುದಕ್ಕೂ ಮಾಡಬೇಕು. 55 ವ್ಯಾಟಿನ ಎರಡು ಫಾಗ್ ಲ್ಯಾಂಪ್ ಸೇರಿ ಸುಮಾರು 8.5 ಆಂಪಿಯರ್. ಬ್ಯಾಟರಿಯಿಂದ ಲ್ಯಾಂಪಿಗೆ 3 ಮೀಟರ್ ವೈರ್ ಎಂದಿಟ್ಟುಕೊಳ್ಳಿ. 0.75 ಚದರ ಮಿ.ಮೀ. ಆದರೆ 0.6 ವೋಲ್ಟಿನಷ್ಟು ದಾರಿಯಲ್ಲೇ ಕಳೆದುಹೋಗುತ್ತದೆ, 2.5 ಆದರೆ 0.18 ವೋಲ್ಟ್. ಅರ್ಧ ವೋಲ್ಟ್ ಯಾವ ಲೆಕ್ಕ ಅನ್ನಬಹುದು. ಆದರೆ ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಬೀಳುತ್ತದೆ. ವೋಲ್ಟೇಜ್ ಶೇ. 10 ಇಳಿದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ. ಲೈಟ್ ಮಂಕು ಎಂದು ದೊಡ್ಡ ಬಲ್ಬ್ ಹುಡುಕುವ ಮೊದಲು ವೈರ್ ನೋಡಿ.

ಅಂಗಡಿಯಲ್ಲಿ ಕೇಳುವಾಗ ‘ಒಂದೂವರೆ ಸ್ಕ್ವೇರ್’, ‘ಎರಡೂವರೆ ಸ್ಕ್ವೇರ್’ ಎಂದರೆ ತಿಳಿಯುತ್ತದೆ. ನಾವು ಒಪ್ಪುವ ಜೋಡಿಗಳು ಇವು:

| ತಾಮ್ರದ ವೈರ್, ಚದರ ಮಿ.ಮೀ. | ಹಾಕಬಹುದಾದ ಅತಿ ದೊಡ್ಡ ಫ್ಯೂಸ್ | ಎಲ್ಲಿಗೆ |
|---|---|---|
| 0.75 | 7.5 ಆಂಪಿಯರ್, ಕಂದು | ಡ್ಯಾಶ್‌ಕ್ಯಾಮ್ (3 ಅಥವಾ 5 ಆಂಪಿಯರ್ ಸಾಕು), ರಿಲೇ ಕಾಯಿಲ್ |
| 1.0 | 10 ಆಂಪಿಯರ್, ಕೆಂಪು | ಸಣ್ಣ ಎಲ್‌ಇಡಿ ಲ್ಯಾಂಪ್ |
| 1.5 | 15 ಆಂಪಿಯರ್, ನೀಲಿ | ಹತ್ತಿರದ ಜೋಡಿ ಹಾರ್ನ್ |
| 2.5 | 20 ಆಂಪಿಯರ್, ಹಳದಿ | ಫಾಗ್ ಲ್ಯಾಂಪ್ ಜೋಡಿ (15 ಸಾಕು), ಹೆಡ್‌ಲೈಟ್ ರಿಲೇ |
| 4.0 | 30 ಆಂಪಿಯರ್, ಹಸಿರು | ಗಾಳಿ ತುಂಬುವ ಕಂಪ್ರೆಸರ್ |

ಜಾಯಿಂಟ್: ಸುತ್ತಬೇಕೋ, ಬೆಸೆಯಬೇಕೋ, ಕಚ್ಚಿಸಬೇಕೋ

ತಿರುಚಿ ಟೇಪ್ ಸುತ್ತುವುದು ಎಲ್ಲರಿಗೂ ಗೊತ್ತಿರುವ ವಿಧಾನ. ದಾರಿಯಲ್ಲಿ ಕೈಕೊಟ್ಟಾಗ ಮನೆ ಮುಟ್ಟಲು ಅದು ಸಾಕು, ಅಷ್ಟೇ. ಎಂಜಿನ್ ಶಾಖಕ್ಕೆ ಟೇಪಿನ ಅಂಟು ಕರಗಿ ಜಾರುತ್ತದೆ; ತಿರುಚಿದ ಎಳೆಗಳು ಕುಲುಕಾಟಕ್ಕೆ ಸಡಿಲವಾಗುತ್ತವೆ; ಸಡಿಲವಾದ ಕಡೆ ತಡೆ ಹೆಚ್ಚಿ ಬಿಸಿಯಾಗುತ್ತದೆ, ಬಿಸಿಗೆ ತಾಮ್ರ ಕಪ್ಪಾಗಿ ತಡೆ ಇನ್ನೂ ಹೆಚ್ಚುತ್ತದೆ. ಇದು ಫ್ಯೂಸಿಗೆ ಕಾಣದ ಬೆಂಕಿ. ಕರೆಂಟ್ ಹೆಚ್ಚಾಗಿಲ್ಲವಲ್ಲ, ಫ್ಯೂಸ್ ಯಾಕೆ ಹೋಗುತ್ತದೆ?

ಮೂಲ ವೈರನ್ನು ಕತ್ತರಿಸದೆ ಮೇಲಿಂದ ಕಚ್ಚುವ ಪ್ಲಾಸ್ಟಿಕ್ ಟ್ಯಾಪ್ ಕನೆಕ್ಟರ್, ನೀಲಿ, ಕೆಂಪು ಬಣ್ಣದ್ದು, ಕೆಲಸವನ್ನು ಎರಡು ನಿಮಿಷದಲ್ಲಿ ಮುಗಿಸುತ್ತದೆ. ಒಳಗಿನ ತಗಡು ಹೊದಿಕೆಯನ್ನು ಸೀಳಿ ತಾಮ್ರ ಮುಟ್ಟುವಾಗ ಒಂದಿಷ್ಟು ಎಳೆಗಳನ್ನೂ ಕತ್ತರಿಸುತ್ತದೆ. ಒಣ ಕ್ಯಾಬಿನ್‌ನಲ್ಲಿ, ಡ್ಯಾಶ್‌ಕ್ಯಾಮಿನಂಥ ಅರ್ಧ ಆಂಪಿಯರ್ ಕೆಲಸಕ್ಕೆ ತಡೆದುಕೊಳ್ಳಬಹುದು. ಬಾನೆಟ್ಟಿನೊಳಗೆ ಹಾಕಿದರೆ ಸೀಳಿದ ಜಾಗದಿಂದ ನೀರು ಎಳೆಗಳ ನಡುವೆ ದೀಪದ ಬತ್ತಿಯಲ್ಲಿ ಎಣ್ಣೆ ಏರಿದಂತೆ ಏರುತ್ತದೆ. ಮುಂದಿನ ವರ್ಷ ಬಿಚ್ಚಿದರೆ ಗೇಣುದ್ದ ವೈರಿನೊಳಗೆ ಹಸಿರು ಕಿಲುಬು. ಆಗ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತಾ ಹಿಂದೆ ಹೋಗಬೇಕು, ಕತ್ತರಿಸುವುದು ಕಾರಿನ ಮೂಲ ವೈರನ್ನು. ನಮ್ಮ ಪ್ರಕಾರ ಘಟ್ಟದ ಅಂಚಿನ ಗಾಡಿಗಳಲ್ಲಿ ಈ ಟ್ಯಾಪ್‌ಗಳಿಗೆ ಜಾಗವೇ ಇಲ್ಲ.

ಬೆಸುಗೆಯ ಬಗ್ಗೆ ವಾದ ಮುಗಿಯುವುದೇ ಇಲ್ಲ. ಸಾಲ್ಡರ್ ಮಾಡಿದ ಜಾಯಿಂಟಿನಲ್ಲಿ ಕರೆಂಟ್ ಸೊಗಸಾಗಿ ಹರಿಯುತ್ತದೆ, ಅದರಲ್ಲಿ ಸಂಶಯವಿಲ್ಲ. ತೊಂದರೆ ಇರುವುದು ಅದರ ಅಂಚಿನಲ್ಲಿ. ಕರಗಿದ ಸಾಲ್ಡರ್ ಹೊದಿಕೆಯೊಳಕ್ಕೆ ಕೆಲವು ಮಿ.ಮೀ. ಹೀರಿಕೊಂಡು ಹೋಗಿ, ಬಾಗಬೇಕಾದ ವೈರನ್ನು ಕಡ್ಡಿ ಮಾಡುತ್ತದೆ. ಕಡ್ಡಿ ಮುಗಿದು ಮೆತ್ತನೆಯ ಎಳೆ ಶುರುವಾಗುವ ಗೆರೆಯಲ್ಲೇ ಕುಲುಕಾಟಕ್ಕೆ ಎಳೆಗಳು ಒಂದೊಂದಾಗಿ ಮುರಿಯುತ್ತವೆ. ತೋಟದ ಕಲ್ಲುದಾರಿಯಲ್ಲಿ ಓಡುವ ಜೀಪಿನ ಎಂಜಿನ್ ಪಕ್ಕಕ್ಕೆ ಇದು ಸಲ್ಲದು. ಡ್ಯಾಶ್‌ಬೋರ್ಡ್ ಕೆಳಗೆ, ಜಾಯಿಂಟಿನ ಎರಡೂ ಬದಿಗೆ ಟೈ ಕಟ್ಟಿ ಅಲುಗದಂತೆ ಮಾಡಿದರೆ ಬೆಸುಗೆ ವರ್ಷಗಟ್ಟಲೆ ಇರುತ್ತದೆ. ಬೆಸೆಯುವುದೇ ಆದರೆ ರೋಸಿನ್ ಫ್ಲಕ್ಸ್ ಇರುವ ಸಾಲ್ಡರ್ ತನ್ನಿ. ತಗಡು ಬೆಸೆಯುವ ಆಮ್ಲದ ಫ್ಲಕ್ಸ್ ಒಳಗೇ ಉಳಿದು ತಾಮ್ರವನ್ನು ತಿನ್ನುತ್ತದೆ.

ಆನ್‌ಲೈನಿನಲ್ಲಿ ಡಬ್ಬಿಗಟ್ಟಲೆ ಮಾರುವ ಸಾಲ್ಡರ್ ಸ್ಲೀವ್, ನಡುವೆ ಬೆಳ್ಳಿ ಉಂಗುರ ಇರುವ ಪಾರದರ್ಶಕ ಕೊಳವೆ, ಆಕರ್ಷಕ. ಹೆಚ್ಚಿನವುಗಳಲ್ಲಿ 140 ಡಿಗ್ರಿ ಆಸುಪಾಸಿನಲ್ಲೇ ಕರಗುವ ಸಾಲ್ಡರ್ ಇರುತ್ತದೆ, ಅದಕ್ಕೆ ಗಟ್ಟಿತನ ಕಡಿಮೆ. ಬೀಡಿ ಲೈಟರಿನಿಂದ ಬಿಸಿ ಮಾಡಿದರೆ ಕೊಳವೆ ಮುದುಡುತ್ತದೆ, ಸಾಲ್ಡರ್ ಅರ್ಧ ಹರಿದು ತಾಮ್ರ ಹಿಡಿಯದೆ ಹಾಗೇ ನಿಲ್ಲುತ್ತದೆ. ಹೊರಗಿಂದ ಮಾತ್ರ ಚೆಂದ. ಹೀಟ್ ಗನ್ ಇದ್ದು, ವೈರ್ ಹೊಸದಾಗಿದ್ದು, ಕರೆಂಟ್ ಕಡಿಮೆ ಇದ್ದರೆ ಬಳಸಿ.

ಉಳಿದದ್ದು ಕ್ರಿಂಪ್, ಅಂದರೆ ಲೋಹದ ತುಂಡನ್ನು ವೈರಿನ ಮೇಲೆ ಒತ್ತಿ ಕಚ್ಚಿಸುವುದು. ಕಾರ್ಖಾನೆಯಿಂದ ಬರುವ ಹಾರ್ನೆಸ್ಸಿನ ತುದಿಗಳನ್ನೂ ಹೀಗೇ ಕಚ್ಚಿಸಿರುತ್ತಾರೆ. ಆದರೆ ಕ್ರಿಂಪ್ ಎಂಬ ಹೆಸರಿನಲ್ಲಿ ಎರಡು ಬೇರೆ ಕೆಲಸಗಳು ನಡೆಯುತ್ತವೆ. ಕಟಿಂಗ್ ಪ್ಲೈಯರಿನಿಂದ ಲಗ್ ಅಮುಕಿದರೆ ಅದು ಚಪ್ಪಟೆಯಾಗುತ್ತದೆ, ಎಳೆಗಳು ಬದಿಗೆ ಸರಿದು ನಡುವೆ ಗಾಳಿ ಉಳಿಯುತ್ತದೆ. ರ‍್ಯಾಚೆಟ್ ಕ್ರಿಂಪರ್ ಪೂರ್ತಿ ಒತ್ತಡ ಬೀಳುವವರೆಗೆ ಬಾಯಿ ಬಿಡುವುದಿಲ್ಲ. ಲೋಹ ಮತ್ತು ಎಳೆ ಒಂದೇ ಗಟ್ಟಿ ಮುದ್ದೆಯಾಗುತ್ತವೆ, ಗಾಳಿಗೂ ನೀರಿಗೂ ದಾರಿ ಇರುವುದಿಲ್ಲ. ಪ್ಲೈಯರ್ ಕ್ರಿಂಪಿಗಿಂತ ಒಳ್ಳೆಯ ಬೆಸುಗೆಯೇ ಮೇಲು, ಇದನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು.

ಪ್ಲಾಸ್ಟಿಕ್ ತೋಳಿನ ಲಗ್‌ಗಳ ಬಣ್ಣ ವೈರಿನ ಗಾತ್ರವನ್ನು ಹೇಳುತ್ತದೆ: ಕೆಂಪು 0.5ರಿಂದ 1.5, ನೀಲಿ 1.5ರಿಂದ 2.5, ಹಳದಿ 4ರಿಂದ 6 ಚದರ ಮಿ.ಮೀ. 1 ಚದರ ಮಿ.ಮೀ. ವೈರನ್ನು ಹಳದಿ ಲಗ್‌ಗೆ ತುರುಕಿ, ಎಳೆಯನ್ನು ಮಡಚಿ ದಪ್ಪ ಮಾಡಿ ಒತ್ತುವುದು ರೂಢಿಯಲ್ಲಿದೆ. ಅಂಥ ಲಗ್ ಕೈಗೇ ಕಿತ್ತು ಬರುತ್ತದೆ.

ಮಲೆನಾಡಿಗೆ ನಮ್ಮ ಮೊದಲ ಆಯ್ಕೆ ತೋಳಿಲ್ಲದ ಬರಿ ತಾಮ್ರದ ಬಟ್ ಕನೆಕ್ಟರ್ (ಎರಡು ವೈರಿನ ತುದಿಗಳನ್ನು ಎದುರುಬದುರು ಸೇರಿಸುವ ಕೊಳವೆ), ಮೇಲೆ ಒಳಗೋಡೆಗೆ ಅಂಟು ಇರುವ 3:1 ಹೀಟ್ ಶ್ರಿಂಕ್ (ಬಿಸಿಗೆ ಮೂರನೇ ಒಂದಕ್ಕೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ). ಮಾಡುವ ಕ್ರಮ ಹೀಗೆ. ಹೀಟ್ ಶ್ರಿಂಕನ್ನು ಮೊದಲೇ ವೈರಿಗೆ ತೂರಿಸಿ ದೂರ ಸರಿಸಿ. ಕ್ರಿಂಪ್ ಆದ ಮೇಲೆ ನೆನಪಾದರೆ ಮತ್ತೆ ಕತ್ತರಿಸುವುದೇ ಗತಿ. ಹೊದಿಕೆಯನ್ನು 6–7 ಮಿ.ಮೀ. ಸುಲಿಯಿರಿ, ಒಂದು ಎಳೆಯೂ ತುಂಡಾಗಬಾರದು. ಎಳೆ ಕಪ್ಪಾಗಿದ್ದರೆ ಇನ್ನಷ್ಟು ಹಿಂದಕ್ಕೆ ಕತ್ತರಿಸಿ, ಉಜ್ಜಿ ಒಪ್ಪ ಮಾಡಲು ಹೋಗಬೇಡಿ. ಕನೆಕ್ಟರಿನ ನಡುವಿನ ತಡೆಗೆ ಮುಟ್ಟುವಷ್ಟು ಒಳಗೆ ತಳ್ಳಿ ಎರಡೂ ಬದಿ ಒತ್ತಿ. ನಂತರ ಎಳೆದು ನೋಡಿ: ಸರಿಯಾದ 1.5 ಚದರ ಮಿ.ಮೀ. ಕ್ರಿಂಪಿಗೆ 10 ಲೀಟರ್ ನೀರು ತುಂಬಿದ ಬಕೆಟ್ ತೂಗುಹಾಕಿದರೂ ಜಾರಬಾರದು. ಆಮೇಲೆ ಹೀಟ್ ಶ್ರಿಂಕನ್ನು ನಡುವಿನಿಂದ ತುದಿಗಳ ಕಡೆಗೆ ಬಿಸಿ ಮಾಡಿ. ಎರಡೂ ತುದಿಯಲ್ಲಿ ಅಂಟು ಸಣ್ಣ ಉಂಗುರದಂತೆ ಹೊರಬಂದರೆ ಮಾತ್ರ ನೀರು ಹೋಗದು. ಅಂಟಿಲ್ಲದ ಸಾದಾ ಹೀಟ್ ಶ್ರಿಂಕ್ ಟೇಪಿಗಿಂತ ನೋಡಲು ಚೆಂದ, ನೀರು ತಡೆಯುವುದರಲ್ಲಿ ಅಂಥ ವ್ಯತ್ಯಾಸವಿಲ್ಲ. ಒಂದೇ ಕಟ್ಟಿನಲ್ಲಿ ಮೂರ್ನಾಲ್ಕು ಜಾಯಿಂಟ್ ಇದ್ದರೆ ಒಂದರ ಪಕ್ಕ ಒಂದು ಬಾರದಂತೆ ಎರಡೆರಡು ಇಂಚು ಹಿಂದೆ ಮುಂದೆ ಮಾಡಿ, ಕಟ್ಟು ಗಂಟಾಗುವುದಿಲ್ಲ.

ಬಿಚ್ಚಬೇಕಾದ ಜಾಗಕ್ಕೆ, ಅಂದರೆ ಲ್ಯಾಂಪ್, ಹಾರ್ನ್, ಬಂಪರಿನ ಕ್ಯಾಮೆರಾ ಹತ್ತಿರ, ರಬ್ಬರ್ ಸೀಲಿನ ಕಪ್ಲರ್. ಸೂಪರ್‌ಸೀಲ್ ಮಾದರಿ ಸಾಮಾನ್ಯ ಕೆಲಸಕ್ಕೆ ಸಾಕು. ಡಾಯ್ಚ್ ಡಿಟಿ ಮಾದರಿ ಪಿನ್ನಿಗೆ 13 ಆಂಪಿಯರ್ ತಾಳುತ್ತದೆ, ಭಾರಿ ಯಂತ್ರಗಳಲ್ಲಿ ಬಳಸುವಂಥದ್ದು, ಬೆಲೆಯೂ ಹಾಗೇ. ಎರಡರಲ್ಲೂ ಎಡವುವುದು ಹಿಂಬದಿಯಲ್ಲಿ: ಸೂಪರ್‌ಸೀಲ್‌ನಲ್ಲಿ ಪ್ರತಿ ವೈರಿಗೂ ಪುಟ್ಟ ಸೀಲ್ ತೂರಿಸಬೇಕು, ಎರಡರಲ್ಲೂ ಖಾಲಿ ಉಳಿದ ತೂತಿಗೆ ಮುಚ್ಚಳ ಹಾಕಬೇಕು. ಒಂದು ತೂತು ಬಿಟ್ಟರೂ ಕಪ್ಲರ್ ನೀರು ಒಳಗೆ ಹಿಡಿದಿಡುವ ಡಬ್ಬಿಯಾಗುತ್ತದೆ. ಮನೆ ವೈರಿಂಗಿಗೆ ಬಳಸುವ ಲಿವರ್ ಕನೆಕ್ಟರನ್ನು ಕಾರಿಗೂ ಹಾಕುವವರಿದ್ದಾರೆ. ಕ್ಯಾಬಿನ್ ಒಳಗೆ ತಾತ್ಕಾಲಿಕಕ್ಕೆ ಸರಿ, ಸೀಲ್ ಇಲ್ಲದ್ದರಿಂದ ಹೊರಗೆ ಬೇಡ.

ಕರೆಂಟ್ ಎಲ್ಲಿಂದ ತೆಗೆಯುವುದು

ಫ್ಯೂಸ್ ಬಾಕ್ಸಿನ ಸ್ಲಾಟಿಗೆ ಕೂರಿಸುವ ಫ್ಯೂಸ್ ಟ್ಯಾಪ್ ಡ್ಯಾಶ್‌ಕ್ಯಾಮ್, ಯುಎಸ್‌ಬಿ ಚಾರ್ಜರಿನಂಥ ಸಣ್ಣ ಕೆಲಸಕ್ಕೆ ಅತ್ಯುತ್ತಮ. ಒಂದು ವೈರೂ ಕತ್ತರಿಸಬೇಕಿಲ್ಲ. ಮಿನಿ, ಲೋ ಪ್ರೊಫೈಲ್ ಮಿನಿ, ಸಾದಾ ಬ್ಲೇಡ್, ನಿಮ್ಮ ಕಾರಿನದು ಯಾವುದು ನೋಡಿಕೊಂಡು ತನ್ನಿ. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಕಂಪ್ಯೂಟರಿನ ಸ್ಲಾಟ್ ಬಿಟ್ಟು ವೈಪರ್, ಸಿಗರೇಟ್ ಲೈಟರಿನಂಥದ್ದನ್ನು ಆರಿಸಿ. ಟ್ಯಾಪಿಗೆ ದಿಕ್ಕಿದೆ. ಸ್ಲಾಟಿನ ಎರಡು ಕಾಲಿನಲ್ಲಿ ಬ್ಯಾಟರಿ ಕಡೆಯದು ಯಾವುದೆಂದು ಮೀಟರಿನಲ್ಲಿ ಪತ್ತೆ ಮಾಡಿ ಕೂರಿಸಬೇಕು, ತಿರುಗಿಸಿ ಕೂರಿಸಿದರೆ ಹೊಸ ಲೋಡಿನ ಕರೆಂಟೂ ಹಳೆಯ ಫ್ಯೂಸಿನಲ್ಲೇ ಹಾದುಹೋಗುತ್ತದೆ.

10 ಆಂಪಿಯರ್ ಆಸುಪಾಸಿನ ಯಾವ ಲೋಡಿಗೂ ಬ್ಯಾಟರಿಯಿಂದ ನೇರ ಲೈನ್ ಬೇಕು. ಆ ಲೈನಿನ ಫ್ಯೂಸ್ ಬ್ಯಾಟರಿ ಪ್ಲಸ್‌ನಿಂದ 15–20 ಸೆಂ.ಮೀ. ಒಳಗೆ ಇರಬೇಕು. ಲ್ಯಾಂಪಿನ ಹತ್ತಿರ ಫ್ಯೂಸ್ ಇಟ್ಟರೆ ಅದು ಯಾರನ್ನೂ ಕಾಯುವುದಿಲ್ಲ. ಫ್ಯೂಸ್ ಇರುವುದು ವೈರನ್ನು ಉಳಿಸಲು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರ್ ಬಾಡಿಗೆ ಉಜ್ಜಿ ತಾಗಿದರೆ ನಿಲ್ಲಿಸುವವರಿಲ್ಲ. ‘ಪದೇಪದೇ ಹೋಗುತ್ತೆ’ ಎಂದು 15ರ ಜಾಗಕ್ಕೆ 30 ಹಾಕಿದವರು ಫ್ಯೂಸಿನ ಕೆಲಸವನ್ನು ವೈರಿಗೆ ಒಪ್ಪಿಸಿದ್ದಾರೆ, ಸುಡುವ ಸರದಿ ಈಗ ವೈರಿನದು. ಸರಿಯಾದ ಫ್ಯೂಸೂ ತಕ್ಷಣ ಹೋಗುವಂಥದ್ದಲ್ಲ ಎಂಬುದು ನೆನಪಿರಲಿ. ಬ್ಲೇಡ್ ಫ್ಯೂಸ್ ತನ್ನ ಅಳತೆಯ ಶೇ. 135 ಕರೆಂಟಿಗೆ 10 ನಿಮಿಷದವರೆಗೂ, ಎರಡು ಪಟ್ಟು ಕರೆಂಟಿಗೆ 5 ಸೆಕೆಂಡಿನವರೆಗೂ ತಡೆದುಕೊಳ್ಳಬಹುದು. ವೈರಿಗೆ ಅಷ್ಟು ತಾಳಿಕೆ ಇರಬೇಕು.

ಹೋಲ್ಡರಿನಲ್ಲಿ ಗಾಜಿನ ಕೊಳವೆ ಫ್ಯೂಸ್ ಬೇಡ, ಸ್ಪ್ರಿಂಗ್ ತುಕ್ಕು ಹಿಡಿದು ಅಲ್ಲೇ ಬಿಸಿಯಾಗುತ್ತದೆ. ರಬ್ಬರ್ ಮುಚ್ಚಳದ ಬ್ಲೇಡ್ ಹೋಲ್ಡರ್ ತೆಗೆದುಕೊಳ್ಳಿ. ಅದರ ಬಾಲದ ವೈರ್ ನಿಮ್ಮ ವೈರಿಗಿಂತ ತೆಳ್ಳಗಿರಬಾರದು. ಬ್ಯಾಟರಿ ಪ್ಲಸ್ ಬೋಲ್ಟಿನ ಮೇಲೆ ಐದಾರು ಲಗ್ ಪೇರಿಸಿರುವ ಗಾಡಿಗಳನ್ನು ನೋಡಿರುತ್ತೀರಿ. ಲೋಡು ಮೂರಾದರೆ ಒಂದೇ ದಪ್ಪ ಲೈನ್ ತೆಗೆದು ಸಣ್ಣ ಫ್ಯೂಸ್ ಬಾಕ್ಸ್ ಇಡುವುದು ಲೇಸು.

ಪಾರ್ಕಿಂಗ್‌ನಲ್ಲೂ ರೆಕಾರ್ಡ್ ಮಾಡುವ ಕ್ಯಾಮೆರಾ ಸದಾ ಕರೆಂಟ್ ಇರುವ ಸ್ಲಾಟ್ ಕೇಳುತ್ತದೆ. 0.3 ಆಂಪಿಯರ್ ಎಳೆದರೂ ಮೂರು ದಿನಕ್ಕೆ 21.6 ಆಂಪಿಯರ್-ಅವರ್ ಆಯಿತು. 35 ಆಂಪಿಯರ್-ಅವರ್ ಬ್ಯಾಟರಿಯ ಸಣ್ಣ ಕಾರು ನಾಲ್ಕನೇ ದಿನ ಸ್ಟಾರ್ಟ್ ಆಗದಿದ್ದರೆ ಆಶ್ಚರ್ಯವಿಲ್ಲ. 12 ವೋಲ್ಟ್ ಆಸುಪಾಸಿನಲ್ಲಿ ತಾನೇ ಕಡಿದುಕೊಳ್ಳುವ ಹಾರ್ಡ್‌ವೈರ್ ಕಿಟ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಸ್ವಿಚ್ ನೇರವೋ, ರಿಲೇ ಮೂಲಕವೋ

5 ಆಂಪಿಯರ್ ಮೀರಿದರೆ ರಿಲೇ, ಹೆಚ್ಚು ಯೋಚನೆ ಬೇಡ. ಮೇಲಿನ ಫಾಗ್ ಲ್ಯಾಂಪಿನ ಲೈನನ್ನೇ 0.75 ವೈರಿನಲ್ಲಿ ಡ್ಯಾಶ್‌ಬೋರ್ಡ್ ಸ್ವಿಚ್ಚಿಗೆ ತಂದು ವಾಪಸು ಒಯ್ದರೆ 6 ಮೀಟರ್ ಆಗುತ್ತದೆ, ನಷ್ಟ 1.2 ವೋಲ್ಟಿನ ಹತ್ತಿರ, ಬೆಳಕಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಹೋಯಿತು. ಸ್ವಿಚ್ಚಿನ ಪಾಯಿಂಟೂ ಸುಡುತ್ತದೆ. ರಿಲೇ ಕಾಯಿಲ್ ಎಳೆಯುವುದು 0.15–0.2 ಆಂಪಿಯರ್ ಮಾತ್ರ, ಅದಕ್ಕೆ ತೆಳು ವೈರ್ ಸಾಕು.

ಪಿನ್ನುಗಳಿಗೆ ಬಹುತೇಕ ಕಂಪನಿಗಳಲ್ಲಿ ಒಂದೇ ಸಂಖ್ಯೆ: 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಹಾದ ಲೈನ್, 87ರಿಂದ ಲ್ಯಾಂಪಿಗೆ, 86ಕ್ಕೆ ಸ್ವಿಚ್ಚಿನಿಂದ, 85 ಅರ್ತ್‌ಗೆ. ಐದು ಪಿನ್ನಿನ ರಿಲೇಯಲ್ಲಿ ನಡುವಿನ 87ಎ ರಿಲೇ ಎಳೆಯದಿದ್ದಾಗ ಕರೆಂಟ್ ಕೊಡುವ ಪಿನ್. ಅದಕ್ಕೆ ಲ್ಯಾಂಪ್ ಕೊಟ್ಟರೆ ಸ್ವಿಚ್ ಆಫ್ ಮಾಡಿದಾಗ ಉರಿಯುತ್ತದೆ. ಒಳಗೆ ಡಯೋಡ್ ಇರುವ ರಿಲೇಯಲ್ಲಿ 85–86 ಅದಲುಬದಲಾದರೆ ಶಾರ್ಟ್, ರಿಲೇ ಮೇಲೆ ಅಚ್ಚಾಗಿರುವ ಚಿತ್ರ ನೋಡಿಯೇ ಜೋಡಿಸಿ. ಕೂರಿಸುವಾಗ ಪಿನ್ನುಗಳು ಕೆಳಮುಖ ಇರಲಿ, ವೈರ್ ಒಂದು ಸಲ ಕೆಳಗಿಳಿದು ಮತ್ತೆ ಮೇಲೇರಿ ರಿಲೇ ಸೇರಲಿ. ನೀರು ಆ ಕೆಳಗಿನ ತಿರುವಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ.

ಹಳೆಯ ಗಾಡಿಯ ಹೆಡ್‌ಲೈಟ್ ಮಂಕಾಗಿದ್ದರೆ ರಿಲೇ ಹಾರ್ನೆಸ್ ಹಾಕಿ, ಅದೇ 60/55 ವ್ಯಾಟ್ ಬಲ್ಬ್ ಉಳಿಸಿಕೊಳ್ಳುವುದು ಒಂದು ದಾರಿ. ಮೂಲ ವೈರಿಗೇ 100/90 ಬಲ್ಬ್ ಹಾಕುವುದು ಇನ್ನೊಂದು. ಎರಡನೆಯದು ಹೈಬೀಮಿನಲ್ಲಿ 15 ಆಂಪಿಯರ್ ಎಳೆದು ಹೋಲ್ಡರನ್ನು ಕರಗಿಸುತ್ತದೆ, ಎದುರಿನವರ ಕಣ್ಣು ಕುರುಡಾಗಿಸುತ್ತದೆ, ರಸ್ತೆಗೆ ಅನುಮತಿಯೂ ಇಲ್ಲ.

ಬಾಡಿ ಅರ್ತ್

ಅರ್ಧ ದೂರುಗಳ ಮೂಲ ಇಲ್ಲೇ. ಒಂದು ಇಂಡಿಕೇಟರ್ ಹಾಕಿದರೆ ಇನ್ನೊಂದು ದೀಪ ಮಿಣುಕುವುದು, ಬ್ರೇಕ್ ಒತ್ತಿದರೆ ಪಾರ್ಕ್ ಲೈಟ್ ಆರುವುದು, ಎಲ್ಲ ಅರ್ತ್‌ನ ಆಟ. ಪೇಂಟಿನ ಮೇಲೆ ಸ್ಕ್ರೂ ಬಿಗಿದು ಅರ್ತ್ ಎನ್ನುವುದಕ್ಕೂ, ಬಣ್ಣ ಕೆರೆದು ಹೊಳೆಯುವ ಲೋಹಕ್ಕೆ ಲಗ್ ಇಟ್ಟು ಹಲ್ಲಿನ ವಾಷರ್ ಸಮೇತ ಬೋಲ್ಟ್ ಬಿಗಿಯುವುದಕ್ಕೂ ಆಕಾಶ ಭೂಮಿ ವ್ಯತ್ಯಾಸ. ಗ್ರೀಸ್ ಅಥವಾ ವ್ಯಾಸಲೀನ್ ಹಚ್ಚುವುದು ಬಿಗಿದ ಮೇಲೆ, ಹೊರಗಿನಿಂದ. ಸೀಟ್ ಬೆಲ್ಟ್, ಏರ್‌ಬ್ಯಾಗ್, ಪೆಟ್ರೋಲ್ ಲೈನಿನ ಬೋಲ್ಟುಗಳನ್ನು ಬಳಸಬಾರದು.

ಬಾಡಿಗೇ ಕೊಡಬೇಕೋ, ಬ್ಯಾಟರಿ ಮೈನಸ್‌ಗೆ ಪ್ರತ್ಯೇಕ ವೈರ್ ಎಳೆಯಬೇಕೋ? ಹೊಸ ಕಾರಿನಲ್ಲಿ ಬಾಡಿಯೇ ಸರಿ. ಹಲವು ಕಾರುಗಳ ಬ್ಯಾಟರಿ ಮೈನಸ್ ಮೇಲೆ ಕರೆಂಟ್ ಅಳೆಯುವ ಸೆನ್ಸರ್ ಕೂತಿರುತ್ತದೆ; ಅದನ್ನು ದಾಟಿ ನೇರ ಬ್ಯಾಟರಿಗೆ ಕೊಟ್ಟರೆ ಚಾರ್ಜಿಂಗ್ ಲೆಕ್ಕ ತಪ್ಪುತ್ತದೆ. ತೋಟದ ಹಳೆಯ ಜೀಪು, ಪಿಕಪ್‌ಗಳಿಗೆ, ವಿಶೇಷವಾಗಿ ಹಿಂಬದಿಯ ದೀಪಗಳಿಗೆ, ಪ್ರತ್ಯೇಕ ಅರ್ತ್ ವೈರ್ ಎಳೆಯುವುದೇ ಒಳ್ಳೆಯದು. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ಮೈಲುತುತ್ತ ಸಾಗಿಸುವ ಗಾಡಿಯಾದರೆ ಖಂಡಿತ. ಚೆಲ್ಲಿದ ಮೈಲುತುತ್ತದ ನೀರು ಕಬ್ಬಿಣವನ್ನು ಕರಗಿಸಿ ತನ್ನ ತಾಮ್ರವನ್ನು ಅಲ್ಲಿ ಬಿಡುತ್ತದೆ. ಡಾಲಾದ (ಹಿಂಬದಿ ತೊಟ್ಟಿಯ) ಮೂಲೆಯ ಅರ್ತ್ ಬೋಲ್ಟ್ ಕೆಂಪಗೆ ಹೊಳೆಯುತ್ತಿದ್ದರೆ ಅದು ಚೆನ್ನಾಗಿದೆ ಎಂದಲ್ಲ, ಕೆಳಗೆ ತಗಡು ಖಾಲಿಯಾಗುತ್ತಿದೆ ಎಂದು.

ಹೊದಿಕೆ, ಇಲಿ

ಬಾನೆಟ್ಟಿನೊಳಗೆ ಸೀಳಿರುವ ಸುಕ್ಕು ಪೈಪ್, ಅದರ ಮೇಲೆ ಅಲ್ಲಲ್ಲಿ ಬಟ್ಟೆ ಟೇಪ್. ಪೈಪಿನ ಸೀಳು ಕೆಳಮುಖ ಇರಲಿ. ಕ್ಯಾಬಿನ್‌ಗೆ ಬಟ್ಟೆ ಟೇಪ್ ಒಂದೇ ಸಾಕು, ಗಡಗಡ ಸದ್ದೂ ಬರುವುದಿಲ್ಲ. ಫೈರ್‌ವಾಲ್ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡು) ತೂತಿಗೆ ರಬ್ಬರ್ ಗ್ರಾಮೆಟ್ (ಅಂಚಿಗೆ ಕೂರುವ ಉಂಗುರ) ಇಲ್ಲದೆ ವೈರ್ ತೂರಿಸಿದರೆ ತಗಡಿನ ಅಂಚು ಗರಗಸದ ಕೆಲಸ ಮಾಡುತ್ತದೆ.

ಮಳೆ ಶುರುವಾದರೆ ಇಲಿಗೆ ಬೆಚ್ಚಗಿನ ಎಂಜಿನ್‌ಗಿಂತ ಒಳ್ಳೆಯ ಮನೆ ಸಿಗದು. ನುಸಿಗುಳಿಗೆ, ಹೊಗೆಸೊಪ್ಪಿನ ವಾಸನೆ ಮಳೆಗೂ ಶಾಖಕ್ಕೂ ಬೇಗ ಆರುತ್ತದೆ. ಹೋಂಡಾ ಕಂಪನಿ ಮೆಣಸಿನಕಾಯಿಯ ಖಾರದ ಅಂಶ ಬೆರೆಸಿದ ಟೇಪ್ ಮಾರುತ್ತದೆ. ಹೊಸ ವೈರಿಂಗಿನ ಹೊರಸುತ್ತಿಗೆ ಅದು ಒಳ್ಳೆಯ ಉಪಾಯ. ಬಾನೆಟ್ ಒಳಗೆ ನುಗ್ಗುವ ದೊಡ್ಡ ಸಂದುಗಳಿಗೆ ಸ್ಟೀಲ್ ಜಾಲರಿ ಇನ್ನೂ ಬಾಳಿಕೆ, ಫ್ಯಾನು, ಬೆಲ್ಟಿನಿಂದ ದೂರವಿಟ್ಟರೆ.

ಯಾರು ಮಾಡುವುದು, ಹೇಗೆ ಪರೀಕ್ಷಿಸುವುದು

ಫ್ಯೂಸ್ ಟ್ಯಾಪಿನ ಕೆಲಸ, ಹಳೆಯ ಗಾಡಿಯ ಹಾರ್ನ್, ಫಾಗ್ ಲ್ಯಾಂಪ್ ಮನೆಯಲ್ಲೇ ಮಾಡಬಹುದು. ರ‍್ಯಾಚೆಟ್ ಕ್ರಿಂಪರ್, ವೈರ್ ಸ್ಟ್ರಿಪ್ಪರ್, ಮಲ್ಟಿಮೀಟರ್, ಹೀಟ್ ಗನ್ ಇರಲಿ. ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್, ಜೋಡಿಸುವಾಗ ಕೊನೆಗೆ ಮೈನಸ್: ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಆಗ ಕಿಡಿ ಹಾರದು. ಕಂಪ್ಯೂಟರ್ ಇರುವ ಕಾರಿನ ಹೆಡ್‌ಲೈಟ್, ಸೆಂಟ್ರಲ್ ಲಾಕ್, ಸ್ಟೀರಿಂಗ್ ಸುತ್ತಮುತ್ತಲಿನ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ. ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಅಂಗಡಿ ಆರಿಸುವಾಗ ಒಂದೇ ನೋಡಿ, ಮೇಜಿನ ಮೇಲೆ ರ‍್ಯಾಚೆಟ್ ಕ್ರಿಂಪರ್ ಇದೆಯೋ, ಟೇಪಿನ ಉಂಡೆ ಮಾತ್ರ ಇದೆಯೋ. ಫ್ಯೂಸ್ ಎಲ್ಲಿ ಇಡುತ್ತೀರಿ ಎಂದು ಕೇಳಿ. ‘ಲೈಟ್ ಹತ್ರ’ ಎಂದರೆ ಮುಂದಿನ ಅಂಗಡಿಗೆ ಹೋಗಿ.

ಕೆಲಸ ಮುಗಿದ ಮೇಲೆ ಎಂಜಿನ್ ಚಾಲೂ ಇಟ್ಟು ಲ್ಯಾಂಪ್ ಹಚ್ಚಿ, ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಲ್ಯಾಂಪಿನ ಪ್ಲಸ್‌ಗೆ ಹಿಡಿಯಿರಿ. 0.3 ವೋಲ್ಟಿನೊಳಗೆ ಇರಬೇಕು. ಲ್ಯಾಂಪಿನ ಮೈನಸ್‌ನಿಂದ ಬ್ಯಾಟರಿ ಮೈನಸ್‌ಗೆ 0.1, ಹೆಚ್ಚೆಂದರೆ 0.2. ಹೆಚ್ಚು ತೋರಿಸಿದರೆ ಕಡ್ಡಿಯನ್ನು ಜಾಯಿಂಟಿನಿಂದ ಜಾಯಿಂಟಿಗೆ ಹಿಂದಕ್ಕೆ ಸರಿಸುತ್ತಾ ಬನ್ನಿ. ಅಂಕಿ ಹಠಾತ್ತನೆ ಇಳಿಯುವ ಕಡೆ ತಪ್ಪಿದೆ. ಹತ್ತು ನಿಮಿಷ ಉರಿಸಿ ಫ್ಯೂಸ್ ಹೋಲ್ಡರ್, ರಿಲೇ ಸಾಕೆಟ್, ಲಗ್‌ಗಳನ್ನು ಮುಟ್ಟಿ ನೋಡಿ: ಬೆಚ್ಚಗಾದರೆ ಪರವಾಗಿಲ್ಲ, ಬೆರಳು ಇಡಲಾಗದಷ್ಟು ಬಿಸಿಯಾದರೆ ಆ ತುದಿಯನ್ನು ಕತ್ತರಿಸಿ ಮತ್ತೆ ಮಾಡಿ. ಆಮೇಲೆ ವೈರಿನ ಕಟ್ಟನ್ನು ಅಲುಗಾಡಿಸಿ, ಲ್ಯಾಂಪು ಮತ್ತು ಕಪ್ಲರ್‌ಗಳ ಮೇಲೆ ಪೈಪಿನಿಂದ ನೀರು ಬಿಡಿ, ಒತ್ತಡದ ಪಂಪ್ ಬೇಡ. ಇಷ್ಟರಲ್ಲೂ ಮಿಣುಕದಿದ್ದರೆ ಬಾನೆಟ್ ಮುಚ್ಚಿ, ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಪ್ರತಿ ಅಳತೆಯ ಎರಡೆರಡು ಫ್ಯೂಸು, ಒಂದು ರಿಲೇ, ಮತ್ತೆ ಯಾವ ಬಣ್ಣದ ವೈರ್ ಎಲ್ಲಿಗೆ ಹೋಗಿದೆ ಎಂದು ಬರೆದ ಚೀಟಿ ಇಟ್ಟುಬಿಡಿ.